ಗಢಿಯ ಅಂಗಳದಲ್ಲಿ ಮಾಣಿಕಪ್ಪನ ಕ್ಷಮಾಪಣೆ

ಹೈದರಾಬಾದಿನ ಒಂದು ಸಾಫ್ಟ್‌ವೇರ್ ಕಂಪನಿಯ ಕ್ಯಾಂಟೀನಿನಲ್ಲಿ ಮೈಸೂರಿನ ಚಿತ್ರಾ ತನ್ನ ತಾತ ಅರಮನೆಯಲ್ಲಿ ಗುಮಾಸ್ತರಾಗಿದ್ದರೆಂದು ವಾರಕ್ಕೆರಡು ಸಲವಾದರೂ ಹೇಳುತ್ತಿದ್ದಳು. ಒಂದು ಮಧ್ಯಾಹ್ನ ಎದುರು ಕೂತಿದ್ದ ಸಹೋದ್ಯೋಗಿ ಮಾಣಿಕಪ್ಪನಿಗೆ ತಡೆಯಲಾಗಲಿಲ್ಲ.

"ನಮ್ಮಜ್ಜನೂ ದೇಶಮುಖರ ಗಢಿಯಾಗ ಬೆಳದಾಂವ ಅದಾನ್ರಿ" ಎಂದುಬಿಟ್ಟ.

ಗಢಿಯೆಂದರೆ ಜಮೀನ್ದಾರರ ಕೋಟೆಯಂಥ ಮನೆ. ಅಜ್ಜ ತಿಪ್ಪಣ್ಣ ಅಲ್ಲಿ ಬೆಳೆದದ್ದು ಸುಳ್ಳಲ್ಲ. ಆದರೆ ಬೆಳೆದದ್ದು ಬಿಟ್ಟಿ ಚಾಕರಿಯಲ್ಲಿ, ಬಿಡಿಗಾಸಿಲ್ಲದೆ ಕಾವಡಿಯಲ್ಲಿ ನೀರು ಹೊತ್ತು. ಆ ಅರ್ಧವನ್ನು ಮಾಣಿಕಪ್ಪ ಅನ್ನದ ಜೊತೆ ನುಂಗಿಕೊಂಡ. ಮರುದಿನದಿಂದ ಆಫೀಸಿಗೆಲ್ಲ ಅವನು 'ದೊರೆ'ಯಾದ. ಹೆಸರು ಹಿತವಾಗಿತ್ತು, ಸುಮ್ಮನಿದ್ದ.

ಎರಡು ವರ್ಷ ಸುಖವಾಗಿಯೇ ಕಳೆದವು. ಅಷ್ಟರಲ್ಲಿ ಯಾರೋ ಆ ಗಢಿಯನ್ನು ಕೊಂಡು, ಸುಣ್ಣಬಣ್ಣ ಹೊಡೆಸಿ ರೆಸಾರ್ಟ್ ಮಾಡಿದರು. ಅಮೆರಿಕದಿಂದ ಕ್ಯಾರಲ್ ಎಂಬ ಗ್ರಾಹಕಿ ಬಂದಾಗ, ಮಂಗಳೂರಿನ ಮ್ಯಾನೇಜರ್ ಚಂದ್ರಹಾಸ ಇಡೀ ತಂಡವನ್ನು ಶನಿವಾರ ವ್ಯಾನಿಗೆ ಹತ್ತಿಸಿದ.

"ನಿನ್ನ ಮನೆಗೇ ಹೋಗುದು ಮಾರಾಯ! ಮೇಡಮ್ಮಿಗೆ ಎಲ್ಲ ನೀನೇ ತೋರಿಸಬೇಕು."

ಹೈದರಾಬಾದಿನ ಅಂಚಿನ ಪಟಾನ್‌ಚೆರು ದಾಟುವಷ್ಟರಲ್ಲಿ ಮಾಣಿಕಪ್ಪನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಗಢಿಯ ಬಾಗಿಲನ್ನು ಅವನು ಜನ್ಮದಲ್ಲೇ ಕಂಡಿರಲಿಲ್ಲ. ಇವತ್ತು ಬಣ್ಣ ಬಯಲಾದರೆ ಸೋಮವಾರ ಯಾವ ಮುಖ ಹೊತ್ತು ಆಫೀಸಿಗೆ ಹೋಗುವುದೆಂಬ ಚಿಂತೆಯಲ್ಲಿ ಅವನಿಗೆ ದಾರಿಯೇ ಕಾಣಲಿಲ್ಲ.

"ನಿಮ್ಮ ತಾತನ ಕೋಣೆ ಯಾವ್ದು, ದೊರೆ?" ಒಳಗೆ ಕಾಲಿಟ್ಟೊಡನೆ ಚಿತ್ರಾ ಕೇಳಿದಳು.

ಮಾಣಿಕಪ್ಪ ಗಂಭೀರವಾಗಿ ಎಡಗಡೆ ಕೈ ತೋರಿಸಿದ. ಅಲ್ಲಿಂದ ಒದ್ದೆ ಚಡ್ಡಿಯ ಇಬ್ಬರು ಗಂಡಸರು ಹೊರಬಂದರು. ಅದು ಹೋದ ವರ್ಷ ಕಟ್ಟಿದ ಈಜುಕೊಳದ ಬಚ್ಚಲು.

"ಭಾಳ ಬದಲಾಗ್ಯದರಿ" ಎಂದು ಕಣ್ಣೊರೆಸಿಕೊಂಡ. ಬೆವರು ಒರೆಸಿಕೊಂಡದ್ದು ಎಲ್ಲರಿಗೂ ಕಣ್ಣೀರಾಗಿ ಕಂಡಿತು.

ಬಾವಿಯ ಹತ್ತಿರ ಒಂದು ಇಂಗ್ಲಿಷ್ ಫಲಕವಿತ್ತು. ಕ್ಯಾರಲ್ ಅದನ್ನು ಗಟ್ಟಿಯಾಗಿ ಓದಿದಳು. ಊರಿನ ಮನೆಗೊಬ್ಬರಂತೆ ಬಂದು, ಕೂಲಿಯಿಲ್ಲದೆ, ಒಂದೇ ಬೇಸಿಗೆಯಲ್ಲಿ ಈ ಬಾವಿ ತೋಡಿದರಂತೆ. ಬಾರದವರನ್ನು ಇದೇ ಅಂಗಳದಲ್ಲಿ ಬಿಸಿಲಿಗೆ ನಿಲ್ಲಿಸಿ, ಬೆನ್ನ ಮೇಲೆ ಕಲ್ಲು ಹೇರುತ್ತಿದ್ದರಂತೆ. ಓದಿ ಮುಗಿಸಿ ಆಕೆ ಮಾಣಿಕಪ್ಪನ ಕಡೆ ತಿರುಗಿದಳು.

ಜಾರ್ಜಿಯಾದಲ್ಲಿ ಅವಳ ಪೂರ್ವಜರಿಗೂ ಹತ್ತಿ ಹೊಲದ ನಡುವೆ ಇಂಥದೇ ದೊಡ್ಡ ಕಂಬಗಳ ಮನೆಯಿತ್ತಂತೆ, ಕೊಂಡುತಂದ ಗುಲಾಮರು ಕಟ್ಟಿದ್ದು. ಈಗ ಮನೆತನದವರು ವರ್ಷಕ್ಕೊಮ್ಮೆ ಆ ಮೆಟ್ಟಿಲ ಮೇಲೆ ನಿಂತು ಆ ಗುಲಾಮರ ವಂಶದವರ ಕ್ಷಮೆ ಕೇಳುತ್ತಾರಂತೆ. ಅವಳು ಮಾಣಿಕಪ್ಪನ ಎರಡೂ ಕೈ ಹಿಡಿದುಕೊಂಡು, "ಇವತ್ತು ನಿನ್ನ ಸರದಿ" ಎಂದಳು.

ಅಂಗಳದ ಮೂಲೆಯಲ್ಲಿ ಮಾಸಿದ ಸೀರೆಯ ಮುದುಕಿಯೊಬ್ಬಳು ಕಸ ಗುಡಿಸುತ್ತಿದ್ದಳು. ಎಲ್ಲರ ಕಣ್ಣೂ ಅತ್ತ ಹೋಯಿತು.

ಮಾಣಿಕಪ್ಪ ಮ್ಯಾನೇಜರನನ್ನು ಪಕ್ಕಕ್ಕೆ ಎಳೆದ. "ಸರ್, ಖರೇ ಹೇಳತೀನ್ರಿ. ನಮ್ಮಜ್ಜ ದೊರಿ ಅಲ್ರಿ. ನೀರು ಹೊರಾಂವ ಇದ್ದ."

ಎರಡು ವರ್ಷದಲ್ಲಿ ಮೊದಲ ಸಲ ನಿಜ ಹೇಳಿದ್ದ. ಚಂದ್ರಹಾಸನಿಗೆ ಕೋಪ ಬಂತು.

"ಮೆರೆಯುವಾಗ ದೊರೆ, ಕ್ಷಮೆ ಕೇಳುವಾಗ ನೀರು ಹೊರುವವನಾ? ನಾಚಿಕೆ ಆಗುದಿಲ್ವಾ ನಿಂಗೆ? ಹೋಗಿ ಕಾಲಿಗೆ ಬೀಳು!"

ಮಾಣಿಕಪ್ಪನಿಗೆ ಕಾವಡಿ ಹೊತ್ತು ಅಜ್ಜನ ಹೆಗಲಿಗೆ ಕಟ್ಟಿದ್ದ ಗಂಟು ನೆನಪಾಯಿತು. ಆ ಗಂಟು ಕಟ್ಟಿಸಿದವರ ಪರವಾಗಿ ಅಜ್ಜನ ಮೊಮ್ಮಗನೇ ಕ್ಷಮೆ ಕೇಳುವುದೆಂದರೆ ಅಜ್ಜನನ್ನು ಎರಡನೇ ಸಲ ಅಳಿಸಿಹಾಕಿದಂತೆ. ಗೊತ್ತಿದ್ದೂ ಹೋದ. ಸೋಮವಾರದ ಹೆದರಿಕೆ ಅಷ್ಟಿತ್ತು. ಹೋಗಿ ಮುದುಕಿಯ ಕಾಲ ಮೇಲೆ ಹಣೆಯಿಟ್ಟು, "ತಪ್ಪಾಗ್ಯದರಿ ಅವ್ವಾ, ಹೊಟ್ಟ್ಯಾಗ ಹಾಕ್ಕೋರಿ" ಎಂದ.

ಮುದುಕಿ ಗಾಬರಿಗೊಳ್ಳಲಿಲ್ಲ, ಕಾಲೂ ಹಿಂದೆಗೆಯಲಿಲ್ಲ. "ಇರಲಿ, ಏಳು" ಎಂದಳು. ಕ್ಯಾರಲ್ ಬಿಕ್ಕಿದಳು. ಚಿತ್ರಾ ಚಪ್ಪಾಳೆ ತಟ್ಟಿದಳು. ಎಲ್ಲರೂ ಹಗುರಾಗಿ ಊಟದ ಕಡೆ ನಡೆದರು.

"ಯಾರ ಪೈಕಿ ಅದಿ ನೀ?" ಮುದುಕಿ ಕೇಳಿದಳು.

ಇವಳ ಮುಂದಾದರೂ ನಿಜ ಹೇಳಿ ಎದೆ ಹಗುರ ಮಾಡಿಕೊಳ್ಳೋಣವೆಂದು ಅವನು, "ನಾನೂ ನಿಮ್ಮಂಗ ಬಿಟ್ಟಿ ಮಾಡಿದವರ ಮೊಮ್ಮಗ ಅವ್ವಾ. ನೀರ ತಿಪ್ಪಣ್ಣನ ಮೊಮ್ಮಗ" ಎಂದ.

"ನಮ್ಮಂಗ?" ಮುದುಕಿ ಸೊಂಟ ನೆಟ್ಟಗೆ ಮಾಡಿದಳು. "ನಾ ದೇಶಮುಖರ ಮೊಮ್ಮಗಳು, ಶಿವದೇವಿ. ಮನಿ ಮಾರಿದ್ರೂ ಹಿಂದಿನ ಖೋಲಿ ನಂದೇ ಐತಿ. ಈ ಪಗಾರದ ಮಂದಿ ಕಸಾ ನೆಟ್ಟಗ ಹೊಡಿಯಂಗಿಲ್ಲ, ಕಣ್ಣಿಲೆ ನೋಡಾಕ ಆಗಂಗಿಲ್ಲ ನನಗ. ನಿಮ್ಮಜ್ಜನ ನೆನಪೈತಿ. ಹಿಂಗ ಬಂದು ಕಾಲಿಗೆ ಬೀಳತಿದ್ದ. ನೀನೂ ಬಂದಿ, ಚಲೋ ಆತು."

ಮಾಣಿಕಪ್ಪ ಅಲ್ಲಿಂದ ಮೆಲ್ಲಗೆ ಜಾರಲು ಹೊರಟ.

"ಬಂದದ್ದ ಬಂದಿ" ಎಂದು ಆಕೆ ಕಸಬರಿಗೆ ಚಾಚಿದಳು. "ಬಾವಿ ಕಡೀಗೆ ಒಂದೀಟು ಹೊಡದು ಹೋಗು. ನನಗ ಬಗ್ಗಾಕ ಆಗವಲ್ದು."

ಇಲ್ಲ ಎನ್ನಲು ಮಾಣಿಕಪ್ಪ ಬಾಯಿ ತೆರೆದ. ಬಾಯಿಂದ ಬಂದದ್ದು, "ಆಗಲ್ರಿ, ಅವ್ವಾರ."

ತಟ್ಟೆ ಹಿಡಿದು ಹೊರಬಂದ ಚಂದ್ರಹಾಸ ಅದನ್ನು ಕಂಡು ಉಬ್ಬಿಹೋದ.

"ಮೇಡಂ, ಕ್ಯಾಮೆರಾ ತನ್ನಿ! ದೊರೆ ಸ್ವಂತ ಕೈಯಲ್ಲಿ ಅಂಗಳ ಗುಡಿಸ್ತಾ ಇದ್ದಾನೆ!"

ಫೋಟೋದಲ್ಲಿ ಮುಖ ಬೀಳದಿರಲೆಂದು ಮಾಣಿಕಪ್ಪ ಇನ್ನಷ್ಟು ಬಗ್ಗಿದ. ಕಟ್ಟೆಯ ಮೇಲೆ ಕೂತ ಶಿವದೇವಿ, "ಆ ಮೂಲಿ ಬಿಟ್ಟಿ ನೋಡು" ಎಂದಳು. ಅವನು ಹೋಗಿ ಆ ಮೂಲೆಯನ್ನೂ ಗುಡಿಸಿದ.