ಅರ್ಜೆಂಟೀನಾದಿಂದ ಸಯನ್‌ಗೆ ಬಂದ ಫುಟ್‌ಬಾಲ್ ಕ್ಲಬ್ಬು

ಮುಂಬೈಯಲ್ಲಿ ನಮ್ಮವರು ನಾಲ್ಕು ಜನ ಒಟ್ಟಿಗೆ ಚಹಾ ಕುಡಿದರೆ ಒಂದು ಸಂಘ ಹುಟ್ಟುತ್ತದೆ. ಎರಡನೇ ಚಹಾ ಬರುವಷ್ಟರಲ್ಲಿ ಅದಕ್ಕೆ ಅಧ್ಯಕ್ಷರೂ ಸಿಕ್ಕಿರುತ್ತಾರೆ. ಕೆಲವು ವರ್ಷಗಳ ಹಿಂದೆ ಸಯನ್‌ನ ನಮ್ಮ ಉಡುಪಿ ಹೋಟೆಲಿನಲ್ಲಿ ಫುಟ್‌ಬಾಲ್ ಕ್ಲಬ್ ಹುಟ್ಟಿದ್ದೂ ಹೀಗೇ. ನಾನು ಅಲ್ಲಿ ಸಪ್ಲೈಯರ್. ನಮ್ಮ ಧಣಿಗಳು ಭಾನುವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ರಜೆ ಕೊಡಲು ಒಪ್ಪಿದರು. ಆದರೆ ಒಂದು ಷರತ್ತು: ದೀಪಾವಳಿಯೊಳಗೆ ಒಂದಾದರೂ ಪಂದ್ಯ ಗೆಲ್ಲಬೇಕು, ಇಲ್ಲದಿದ್ದರೆ ರಜೆ ರದ್ದು. ವಾರಕ್ಕೆ ಆ ಎರಡು ಗಂಟೆ ಬಿಟ್ಟರೆ ನಾವು ಬಿಸಿಲು ಕಾಣುತ್ತಿರಲಿಲ್ಲ.

೧. ಬಣ್ಣ

ನಮ್ಮ ಅಧ್ಯಕ್ಷರು ಮಂಗಳೂರಿನ ಒಬ್ಬ ಹಿರಿಯರು. ಹಡಗಿನಲ್ಲಿ ಅಡುಗೆ ಮಾಡುತ್ತ ಅರ್ಧ ಲೋಕ ಸುತ್ತಿ ನಿವೃತ್ತರಾಗಿ, ದಿನಾ ಸಂಜೆ ನಮ್ಮಲ್ಲಿ ನೀರುದೋಸೆ ತಿನ್ನಲು ಬರುತ್ತಿದ್ದರು. ಹಡಗಿನಣ್ಣ ಎಂದೇ ಎಲ್ಲರೂ ಕರೆಯುವುದು. ಅರ್ಜೆಂಟೀನಾದ ಬಂದರಿನಲ್ಲಿ ಕೇಳಿದ ಕತೆಯೊಂದನ್ನು ಅವರು ನೂರು ಸಲವಾದರೂ ಹೇಳಿರಬೇಕು. ಅಲ್ಲಿನ ಬಡ ಹುಡುಗರು ಪಾರ್ಕಿನ ಬೆಂಚಿನ ಮೇಲೆ ಕೂತು ಒಂದು ಕ್ಲಬ್ ಕಟ್ಟಿದರಂತೆ. ಜೆರ್ಸಿಯ ಬಣ್ಣಕ್ಕೆ ಜಗಳವಾಗಿ, ಬಂದರಿಗೆ ಮೊದಲು ಯಾವ ಹಡಗು ಬರುತ್ತದೋ ಅದರ ಬಾವುಟದ ಬಣ್ಣವೇ ನಮ್ಮದು ಎಂದು ತೀರ್ಮಾನಿಸಿದರಂತೆ. ಆ ಕ್ಲಬ್ಬಿಗೆ ಈಗ ಲೋಕವೇ ಕೈಮುಗಿಯುತ್ತದೆ.

ನಾವೂ ಹಾಗೇ ಮಾಡೋಣ ಎಂದಾಯಿತು. ಸಯನ್‌ಗೆ ಹಡಗು ಬರುವುದಿಲ್ಲವಲ್ಲ, ಅದಕ್ಕೇ ಹೋಟೆಲಿನ ಬಾಗಿಲಲ್ಲಿ ನಿಂತು ಮೊದಲು ಬರುವ ಗಾಡಿಯ ಬಣ್ಣವೆಂದು ನಿಶ್ಚಯಿಸಿದೆವು. ಮೊದಲು ಬಂದದ್ದು ಆಂಬುಲೆನ್ಸ್. ಅಪಶಕುನವೆಂದು ಬಿಟ್ಟೆವು. ಎರಡನೆಯದೂ ಆಂಬುಲೆನ್ಸ್, ಮೂರನೆಯದೂ ಅದೇ. ಆಸ್ಪತ್ರೆಯ ರಸ್ತೆಯಲ್ಲಿ ನಿಂತು ಶುಭಶಕುನಕ್ಕೆ ಕಾದರೆ ಇನ್ನೇನಾಗುತ್ತದೆ? ಕಡೆಗೆ ಬಿಲ್ಡಿಂಗುಗಳಿಗೆ ಗ್ಯಾಸ್ ಹಂಚುವ ಟೆಂಪೊ ಬಂತು, ಅದರ ತುಂಬ ಕೆಂಪು ಸಿಲಿಂಡರ್. ನಮ್ಮ ಜೆರ್ಸಿ ಕೆಂಪಾಯಿತು.

ಆ ಜೆರ್ಸಿ ತೊಟ್ಟು ಮೈದಾನಕ್ಕಿಳಿದ ಮೊದಲ ದಿನವೇ ಎದುರಾಳಿಯೊಬ್ಬ ನಮ್ಮ ದಪ್ಪ ಗೋಲ್‌ಕೀಪರ್ ಭಟ್ಟರ ಹೊಟ್ಟೆಯನ್ನು ಸಿಲಿಂಡರ್ ತಟ್ಟುವಂತೆ ತಟ್ಟಿ ಕೇಳಿದ: "ಭರಾ ಹೈ ಯಾ ಖಾಲಿ?"

೨. ಆಫ್‌ಸೈಡ್

ಹನ್ನೊಂದು ಜನರಿಗೆ ಒಬ್ಬರು ಕಡಿಮೆಯಿದ್ದರು. ಎದುರಿನ ಬಿಲ್ಡಿಂಗಿನ ಕೆಲಸಕ್ಕೆ ವಿಜಯಪುರದಿಂದ ಬಂದಿದ್ದ ಗೌಂಡಿಯೊಬ್ಬನನ್ನು ಸೇರಿಸಿಕೊಂಡೆವು. ಓಡಲು ನಿಂತರೆ ಲೋಕಲ್ ಟ್ರೈನ್ ಹಿಡಿಯುವವರೂ ಅವನಷ್ಟು ಓಡಲಾರರು. ಅವನಿಗೆ ಆಫ್‌ಸೈಡ್ ವಿವರಿಸಲು ಹಡಗಿನಣ್ಣ ಒಂದು ವಾರ ಒದ್ದಾಡಿ, ಕೊನೆಗೆ ಸೋತು, ಎದುರಿನವರಿಗಿಂತ ನೀನು ಮುಂದೆ ನಿಲ್ಲಬಾರದು, ಅಷ್ಟು ತಿಳಿದುಕೋ ಎಂದರು. ಅವನು ಅದನ್ನು ಮರ್ಯಾದೆಯ ವಿಷಯವೆಂದು ತಿಳಿದುಕೊಂಡ.

ಕುರ್ಲಾದವರ ಜೊತೆ ಪಂದ್ಯ. ಚೆಂಡು ಇವನ ಮುಂದೆಯೇ ಬಂತು. ಇವನು ನಿಂತು, ಎದುರಾಳಿಗೆ ಕೈ ತೋರಿಸಿ, "ನೀವು ಮುಂದ ಆಗ್ರಿ, ನಾ ಆಮ್ಯಾಲೆ ಬರ್ತೀನ್ರಿ" ಎಂದ. ಕುರ್ಲಾದವನಿಗೆ ಕನ್ನಡ ಬಾರದು, ಆದರೆ ಕೈಸನ್ನೆ ಅರ್ಥವಾಯಿತು. ಅವನೂ ಮನುಷ್ಯನೇ, "ನಹೀ ಭಾಯ್, ಪೆಹಲೆ ಆಪ್" ಎಂದ. ಚೆಂಡು ಇಬ್ಬರ ನಡುವೆ ಉರುಳುತ್ತ ಗೆರೆಯಾಚೆ ಹೋಯಿತು. ಇಬ್ಬರೂ ಅದಕ್ಕೂ ದಾರಿ ಬಿಟ್ಟುಕೊಟ್ಟರು.

೩. ದೀಪಾವಳಿಯ ಹಿಂದಿನ ಭಾನುವಾರ

ಹಡಗಿನಣ್ಣ ಈಗಿಲ್ಲ. ನಾವು ಆಡುತ್ತಿದ್ದ ಕುರ್ಲಾ ಮೈದಾನದ ಅರ್ಧಕ್ಕೆ ಟವರ್ ಎದ್ದಿದೆ. ಅಷ್ಟು ಸೋತು ಅಷ್ಟು ಸುಖವಾಗಿದ್ದ ದಿನಗಳು ನನಗೆ ಮತ್ತೆ ಸಿಗಲಿಲ್ಲ.

ದೀಪಾವಳಿಗೆ ಮುಂಚಿನ ನಮ್ಮ ಕೊನೆಯ ಪಂದ್ಯವೂ ಅಲ್ಲೇ, ಒಂದು ಆಫೀಸಿನವರ ಜೊತೆ. ಅಲ್ಲಿಯವರೆಗೆ ಒಂದನ್ನೂ ಗೆದ್ದಿರಲಿಲ್ಲ. ನಮ್ಮ ಸೋಲನ್ನು ಕಣ್ಣಾರೆ ಕಂಡು ರಜೆ ರದ್ದು ಮಾಡಲೆಂದೇ ಧಣಿಗಳು ಲೋಕಲ್‌ನಲ್ಲಿ ನಿಂತುಕೊಂಡು ಬಂದು, ಗೆರೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಸುಡುಬಿಸಿಲು. ಆಟ ಮುಗಿಯಲು ಎರಡೇ ನಿಮಿಷ, ಯಾರದೂ ಗೋಲಿಲ್ಲ.

ಅಷ್ಟರಲ್ಲಿ ಚೆಂಡು ನನ್ನ ಕಾಲಿಗೆ ಸಿಕ್ಕಿತು. ಮುಂದೆ ಅವರ ಗೋಲ್‌ಕೀಪರ್ ಒಬ್ಬನೇ. ಓಡಿದೆ. ಎಡಕ್ಕೆ ಹೊಡೆಯಲು ಕಾಲೆತ್ತಿದೆ. ಆಗ ಹಿಂದಿನಿಂದ ಧಣಿಗಳ ದನಿ ಕೇಳಿತು: "ಏ, ಇಲ್ಲೊಂದು ನೀರು."

ಹತ್ತೊಂಬತ್ತು ವರ್ಷ ಸಪ್ಲೈ ಮಾಡಿದ ಕಾಲು ನನ್ನ ಮಾತು ಕೇಳುತ್ತದೆಯೇ? "ಬಂತು ಧಣೀ" ಎಂದು ಗರ್ರನೆ ತಿರುಗಿಬಿಟ್ಟೆ. ಕೀಪರ್ ಅಷ್ಟರಲ್ಲಿ ಎಡಕ್ಕೆ ಹಾರಿದ್ದ. ತಿರುಗುವಾಗ ನನ್ನ ಹಿಮ್ಮಡಿ ತಗುಲಿದ ಚೆಂಡು ಬಲಕ್ಕೆ ಮೆಲ್ಲಗೆ ಉರುಳಿ ಗೋಲಿನೊಳಗೆ ಹೋಗಿ ಕೂತಿತು. ನಾನು ಅದನ್ನು ನೋಡಲೂ ಇಲ್ಲ.

ಸೀಟಿ ಮೊಳಗಿತು, ಗೆದ್ದೆವು, ಭಾನುವಾರ ಉಳಿಯಿತು. ಹಡಗಿನಣ್ಣ ಅಳುತ್ತ ನಗುತ್ತಿದ್ದರು. ಎಲ್ಲರೂ ನನ್ನನ್ನು ಹೊತ್ತುಕೊಂಡು ಧಣಿಗಳ ಕುರ್ಚಿಯ ಮುಂದೆ ತಂದು ಇಳಿಸಿದರು. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಗೋಲೆಲ್ಲ ಆಯ್ತು ಮಾರಾಯ, ನೀರೆಲ್ಲಿ?"