ದಡದಲ್ಲೇ ನಿಂತು ಶಾರ್ಕ್ ಹಿಡಿದದ್ದು

"ಬರೋ ಭಾನುವಾರ ದೋಣಿಯೂ ಬೇಡ, ಬಲೆಯೂ ಬೇಡ. ದಡದಲ್ಲೇ ನಿಂತು ಒಂದು ಶಾರ್ಕನ್ನ ಎಳೀತೀನಿ" ಎಂದು ಕನ್ನಡಕದಂಗಡಿಯ ಯಜಮಾನರು ಊಟದ ಮೇಜಿನ ಮುಂದೆ ಘೋಷಿಸಿದಾಗ ಅವರ ತಾಯಿಗೆ ಕೆಮ್ಮು ಬಂತು. ಹಲ್ಲಿನ ಡಾಕ್ಟರಾದ ಹೆಂಡತಿಗೆ ನಗು ಬಂತು. ಕಾರಣವಿತ್ತು. ಬಚ್ಚಲಲ್ಲಿ ಜಿರಳೆ ಕಂಡು ಇವರು ಸ್ಟೂಲ್ ಹತ್ತಿದ ಸುದ್ದಿಯನ್ನು ಭಾವಮೈದುನ ನೆಂಟರಿಗೆಲ್ಲ ಫೋನು ಮಾಡಿ ಹಂಚಿದ್ದ. ಹೋದ ಮಾನವನ್ನು ಸಮುದ್ರದಿಂದಲೇ ಎತ್ತಬೇಕಿತ್ತು.

ಗಾಳದ ಅಂಗಡಿಗೆ ಎದೆಯುಬ್ಬಿಸಿ ಹೋದರು. ಅಂಗಡಿಯವನು ಒಂದು ಕೋಲನ್ನು ಕೈಗಿಟ್ಟು, "ಇದು ಸರಿ ಅನ್ಸುತ್ತಾ?" ಎಂದ. ಇನ್ನೊಂದನ್ನು ಕೊಟ್ಟು, "ಇಲ್ಲಾ ಇದಾ?" ಎಂದ. ಗಿರಾಕಿಗಳ ಮೂಗಿನ ಮೇಲೆ ಗಾಜು ಬದಲಿಸುತ್ತ ಇವರು ದಿನವೂ ಕೇಳುವ ಪ್ರಶ್ನೆ ಅದೇ. ಗಿರಾಕಿಗಳ ಹಾಗೆಯೇ ಕಣ್ಣುಕಣ್ಣು ಬಿಟ್ಟು, "ಎರಡೂ ಒಂದೇ ಥರ ಇದೆಯಲ್ಲಪ್ಪ" ಎಂದರು.

"ಲೀಡರ್ ಎಷ್ಟುದ್ದ ಕೊಡ್ಲಿ ಸಾರ್?"

"ಲೀಡರಾ? ನಾನು ಯಾವ ಪಕ್ಷದಲ್ಲೂ ಇಲ್ಲ."

"ಅಲ್ಲ ಸಾರ್, ಶಾರ್ಕಿನ ಹಲ್ಲಿಗೆ ದಾರ ತಡೆಯಲ್ಲ. ದಾರಕ್ಕೂ ಕೊಕ್ಕೆಗೂ ಮಧ್ಯೆ ಉಕ್ಕಿನ ತಂತಿ ಕಟ್ತೀವಿ. ಕಚ್ಚೋದನ್ನೆಲ್ಲ ಅದೇ ಕಚ್ಚಿಸ್ಕೊಳ್ಳುತ್ತೆ."

"ಹಾಗಾದ್ರೆ ಅದಕ್ಕೆ ಲೀಡರ್ ಅಂತ ಹೆಸರಿಟ್ಟವನು ಲೀಡರನ್ನ ನೋಡೇ ಇಲ್ಲ ಬಿಡು."

ಸೀಸದ ಗುಂಡು, ದುಂಡನೆಯ ಕೊಕ್ಕೆ, ಉದ್ದ ಮೂತಿಯ ಇಕ್ಕಳ, ರೀಲನ್ನು ಬಿಗಿ ಸಡಿಲ ಮಾಡುವ ತಿರುಪು... ಎಲ್ಲಕ್ಕೂ ತಲೆಯಾಡಿಸಿದರು. ತಲೆಯೊಳಕ್ಕೆ ಮಾತ್ರ ಏನೂ ಇಳಿಯಲಿಲ್ಲ.

ಭಾನುವಾರ ದಂಪತಿಗಳು ಮರಳಿನ ಮೇಲೆ ಪ್ರತಿಷ್ಠಾಪನೆಗೊಂಡರು. ಮೊದಲ ಸಲ ಬೀಸಿದ ಗಾಳ ಹಿಂದಕ್ಕೆ ಹಾರಿ ಅವರದೇ ಟೋಪಿಯನ್ನು ಹಿಡಿಯಿತು. ಎರಡನೆಯದು ಹೇಗೋ ನೀರಿಗೆ ಬಿತ್ತು. ಬೆನ್ನು ಸುಡುವಷ್ಟು ಹೊತ್ತು ಕೂತ ಮೇಲೆ, ಇದ್ದಕ್ಕಿದ್ದಂತೆ ರೀಲು ಕಿರುಚತೊಡಗಿತು. ದಾರ ಸರ್ರನೆ ಓಡಿತು.

"ತಿರುಪು ಬಿಗಿ ಮಾಡ್ರೀ."

"ಯಾವ ಕಡೆಗೆ?"

"ಗಡಿಯಾರದ ಮುಳ್ಳು ತಿರುಗೋ ಕಡೆಗೆ."

"ನನ್ನ ಗಡಿಯಾರದಲ್ಲಿ ಮುಳ್ಳೇ ಇಲ್ಲವಲ್ಲೇ, ಬರೀ ಅಂಕಿ."

ತೋಚಿದ ಕಡೆಗೆ ತಿರುಗಿಸಿದರು. ತಿರುಪು ಗಕ್ಕನೆ ಬಿಗಿಯಿತು. ಯಜಮಾನರು ಕೋಲಿನ ಸಮೇತ ನೀರಿನತ್ತ ಜಾರತೊಡಗಿದರು. ಹೆಂಡತಿ ಹಿಂದಿನಿಂದ ಬೆಲ್ಟು ಹಿಡಿದಳು. ಸಮುದ್ರ ಅತ್ತ, ಸಂಸಾರ ಇತ್ತ ಎಳೆಯುತ್ತಿರಲು, ತಾನು ಹಿಡಿಯುತ್ತಿದ್ದೇನೋ, ತನ್ನನ್ನೇ ಹಿಡಿದಿದ್ದಾರೋ ಎಂಬುದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಕಡೆಗೆ ಮೊಣಕಾಲುದ್ದದ ನೀರಿಗೆ ಒಂದು ಮರಿ ಶಾರ್ಕ್ ಬಂತು. ಬಂದದ್ದೇ ಬಾಯಿ ತೆರೆಯಿತು. ಒಳಗೆ ಸಾಲುಸಾಲು ಹಲ್ಲು.

"ಇಕ್ಕಳ ತರ್ತೀನಿ" ಎಂದು ಯಜಮಾನರು ಕೋಲನ್ನು ಹೆಂಡತಿಯ ಕೈಗಿಟ್ಟು ಹೊರಟರು. ಇಕ್ಕಳ ಅವಳ ಸೊಂಟದಲ್ಲೇ ಇತ್ತು. ಅದನ್ನು ಹೇಳುವಷ್ಟರಲ್ಲಿ ಅವರು ಮರಳು ದಾಟಿ, ರಸ್ತೆ ದಾಟಿ ಮರೆಯಾಗಿದ್ದರು.

ಡಾಕ್ಟರಮ್ಮ ಬಗ್ಗಿದಳು. "ಸ್ವಲ್ಪ ಅಲ್ಲಾಡದೆ ಇರು. ಇನ್ನೇನು ಆಗೋಯ್ತು" ಎನ್ನುತ್ತ ಕೊಕ್ಕೆ ಬಿಡಿಸಿದಳು. ಶಾರ್ಕ್ ಬಾಲ ಬಡಿದು ನೀರಿಗೆ ಸರಿಯಿತು.

ಮನೆ ಬಾಗಿಲಲ್ಲೇ ಅತ್ತೆ ಕಾದಿದ್ದರು. "ಏನಮ್ಮಾ, ಸಿಕ್ತಾ?"

"ಶಾರ್ಕ್ ಬೇಗನೇ ಸಿಕ್ತು ಅತ್ತೆ" ಎಂದಳು ಸೊಸೆ, ಚಪ್ಪಲಿಯ ಮರಳು ಕೊಡವುತ್ತ. "ನಿಮ್ಮ ಮಗ ಸಿಗೋದೇ ತಡ ಆಯ್ತು."