ಸೊಸೆಯ ಹೊಲಿಗೆ, ಮನೆಯವರ ಆರೈಕೆ

ಮನೆಯ ಹೆಂಗಸು ಹಾಸಿಗೆ ಹಿಡಿದರೆ ಇಂಥವು ಒಂದರ ಹಿಂದೊಂದು ಆಗುತ್ತಲೇ ಇರುತ್ತವೆ. ಯಾರೂ ಕೇಡು ಬಯಸಿರುವುದಿಲ್ಲ. ಎಲ್ಲರೂ ಸಹಾಯಕ್ಕೆಂದೇ ಬಂದಿರುತ್ತಾರೆ, ತೊಂದರೆ ಅದೇ.

ನಾನು ಹುಟ್ಟಿದ್ದು ಚಾಮರಾಜನಗರದ ಕಡೆ. ಮದುವೆಯಾಗಿ ವಿಜಯಪುರಕ್ಕೆ ಬಂದೆ, ಇಲ್ಲೇ ಮುದುಕಿಯಾದೆ. ಗಂಡ ತೀರಿಕೊಂಡ ಮೇಲೂ ಅವರ ಬಳಗಕ್ಕೆ ನಾನಿನ್ನೂ 'ಆ ಕಡೆಯಾಕಿ'. ಮನೆಯಲ್ಲಿ ನಾವು ಮೂವರು: ನಾನು, ಮಗ, ಸೊಸೆ. ಸೊಸೆಗೆ ಗರ್ಭಕೋಶದಲ್ಲಿ ಗಡ್ಡೆಗಳಾಗಿದ್ದವು. ರಕ್ತ ಹೋಗಿ ಹೋಗಿ ಮುಖ ಬಿಳುಚಿಕೊಂಡಿತ್ತು. ಅಷ್ಟಾದರೂ 'ಇವರ ಸಾಲಿ ಪರೀಕ್ಷೆ ಮುಗೀಲಿ, ಹಬ್ಬ ಮುಗೀಲಿ' ಎಂದು ತಳ್ಳುತ್ತಾ ಬಂದವಳು, ಕೊನೆಗೆ ಬಚ್ಚಲಲ್ಲಿ ತಲೆತಿರುಗಿ ಬಿದ್ದ ಮೇಲೆ ಗರ್ಭಕೋಶ ತೆಗೆಸುವ ಆಪರೇಷನ್ನಿಗೆ ಒಪ್ಪಿದಳು.

ಒಂದೇ ಒಂದು ಪ್ರಶ್ನೆ

ಮನೆಗೆ ಕಳಿಸುವ ದಿನ ಡಾಕ್ಟರಮ್ಮ ನಮ್ಮನ್ನೆಲ್ಲ ಎದುರು ಕೂರಿಸಿಕೊಂಡರು.

"ಆರು ವಾರ ಭಾರ ಎತ್ತಬಾರದು, ಬಗ್ಗಬಾರದು, ನೆಲದ ಮ್ಯಾಲ ಕುಂಡ್ರಬಾರದು. ಮನಿಯೊಳಗ ಸಾವಕಾಶ ಅಡ್ಡಾಡ್ಲಿ. ಹೊರಗಿನ ಹೊಲಿಗಿ ಲಗೂನ ಮಾಯ್ತಾವ, ಒಳಗಿನವು ತಡಾ. ಅವು ಬಿಚ್ಚಿದ್ರ ಮತ್ತ ಆಪರೇಷನ್ ಟೇಬಲ್ ಮ್ಯಾಲ ಮಲಗಸಬೇಕಾಗ್ತದ."

ನರ್ಸ್ ಒಂದು ಸಣ್ಣ ದಿಂಬು ಕೊಟ್ಟಳು. "ಕೆಮ್ಮು ಬಂದ್ರ, ನಗು ಬಂದ್ರ ಇದನ್ನ ಹೊಟ್ಟಿಗೆ ಅವಚಿ ಹಿಡಕೋರಿ ಅಕ್ಕಾರ."

"ನಗು ಬರೂದರ ಕಾಳಜಿ ನಮ್ಮ ಮನಿಯಾಗ ಇಲ್ಲ ಬಿಡವಾ," ಅಂದಳು ಸೊಸೆ.

ನನ್ನ ಮಗ ಟಿಕೋಟಾದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಪುಸ್ತಕದಲ್ಲಿ ಹೆಂಗಸರ ಒಡಲಿನ ಪಾಠ ಬಂದಾಗ 'ಇದನ್ನ ಮನಿಯಾಗ ಓದಿಕೋರಿ' ಎಂದು ಹಾಳೆ ತಿರುಗಿಸುವವನು. ಡಾಕ್ಟರಮ್ಮನ ಪ್ರತಿ ಮಾತಿಗೂ "ಹೌದ್ರಿ ಮೇಡಂ" ಎಂದು ತಲೆಯಾಡಿಸಿದ.

"ಏನರೆ ಕೇಳೂದೈತೇನ್ರಿ?" ಅಂದರು ಅವರು.

"ಒಂದ ಒಂದು ಕೇಳೂದಿತ್ರಿ ಮೇಡಂ. ರೊಟ್ಟಿ ಯಾವಾಗಿಂದ ಮಾಡಬಹುದ್ರಿ?"

ಡಾಕ್ಟರಮ್ಮ ಕನ್ನಡಕ ತೆಗೆದು ಅವನನ್ನೇ ನೋಡಿದರು.

"ನೀವಾ? ನೀವು ಇವತ್ತಿಂದನ ಮಾಡಬಹುದು."

ನಳ ಬಂದ ದಿನ

ನಮ್ಮ ಓಣಿಗೆ ನಳದ ನೀರು ದಿನಾ ಬರುವುದಿಲ್ಲ. ಬಂದ ದಿನ ಗೇಟಿನ ಹತ್ತಿರದ ನಳದಿಂದ ಕುಡಿಯುವ ನೀರನ್ನು ಕೊಡದಲ್ಲಿ ತುಂಬಿ ಒಳಗೆ ತರಬೇಕು. ಆ ದಿನ ಮಗ ಬೆಳಿಗ್ಗೆಯೇ ಎದ್ದು ಗೇಟಿಗೆ ಹೋದ. ನನಗೆ ಕಣ್ಣು ತುಂಬಿ ಬಂತು. ಸ್ವಲ್ಪ ಹೊತ್ತಿಗೆ ಅವನೇ ಕೂಗಿದ:

"ಏ, ಬಾ, ಒಯ್ಯಿ. ನಿನ್ನ ಸಲುವಾಗಿ ಅರ್ಧರ್ಧ ತುಂಬೇನಿ. ಭಾರ ಆಗಂಗಿಲ್ಲ."

ಸಾಲಾಗಿ ಕೊಡಗಳು ನಿಂತಿದ್ದವು. ಎಲ್ಲವೂ ಸರಿಯಾಗಿ ಅರ್ಧ. ಅಂದರೆ ಓಡಾಟ ಎರಡರಷ್ಟು.

"ನೀನೇ ಹೊತ್ಕೊಂಡು ಬಾರಪ್ಪ," ಅಂದೆ.

"ಯವ್ವಾ, ಓಣ್ಯಾಗ ನನ್ನ ವಿದ್ಯಾರ್ಥಿಗಳದಾರ. ಮಾಸ್ತರ ಕೊಡ ಹೊತ್ತಾನ ಅಂತ ನಗ್ತಾರ."

ನಾನೇ ಚರಿಗೆ ಹಿಡಿದು ಹೊರಟೆ. ಸೊಸೆ ನನ್ನ ಕೈಯಿಂದ ಅದನ್ನು ಕಿತ್ತುಕೊಂಡು ತಾನೇ ಗೇಟಿಗೆ ಹೊರಟಳು. "ನೀವು ಕುಂಡ್ರಿ ಅತ್ತಿ. ನೀವು ಜಾರಿ ಬಿದ್ರ ನಿಮ್ಮ ಆರೈಕಿನೂ ನನ್ನ ಪಾಲಿಗೇ ಬರ್ತೈತಿ."

ಬಬಲೇಶ್ವರದ ನೆರವು

ಆಮೇಲೆ ನನ್ನ ನಾದಿನಿ ಬಬಲೇಶ್ವರದಿಂದ ಬಂದಳು, ಎಂಟು ದಿನ ಇದ್ದು ಕೈಜೋಡಿಸುತ್ತೇನೆ ಎಂದು. ಒಂದು ಗಂಟು ಕಡಕ್ ರೊಟ್ಟಿ ತಂದಿದ್ದಳು. ನಾನು ಬಡಿದ ರೊಟ್ಟಿ ಇವತ್ತಿಗೂ ಯಾವುದೋ ದೇಶದ ನಕಾಶೆಯಂತೆ ಇರುತ್ತದೆ, ಹಾಗಾಗಿ ಆ ಗಂಟು ನೋಡಿ ನನಗೂ ನೆಮ್ಮದಿಯಾಯಿತು.

ನಾದಿನಿ ಕೈಕಾಲು ತೊಳೆದು ಸೊಸೆಯ ಮಂಚದ ಮೇಲೆ ಕಾಲು ಚಾಚಿ ಕೂತಳು. ಸೊಸೆ ಸರಿದು ಮೂಲೆಗೆ ಹೋದಳು.

"ಗರ್ಭಚೀಲ ತಗದ ಮ್ಯಾಲ ಹೊಟ್ಟಿ ಹಗುರ ಆಗಿರಬೇಕಲ್ಲ? ನಮ್ಮ ಅತ್ತಿ ಹಡದ ಮೂರನೇ ದಿನಕ್ಕ ಹೊಲಕ್ಕ ಹೋಗಿದ್ರು."

"ಇದು ಹಡೆಯೋದಲ್ಲ ತಾಯಿ, ಆಪರೇಷನ್ನು," ಅಂದೆ.

"ನಿಮ್ಮ ಕಡೆ ಎಲ್ಲಾದಕ್ಕೂ ಮಲಗಸ್ತಾರ್ರಿ ವೈನಿ."

ಮಧ್ಯಾಹ್ನ ಸೊಸೆಯ ತಟ್ಟೆಗೆ ಕಡಕ್ ರೊಟ್ಟಿ ಹಾಕಿ, ಅನ್ನ ಮುಟ್ಟಬೇಡ, ಗಾಯ ಕೀವು ಕಟ್ಟುತ್ತದೆ ಎಂದಳು. ನಾನು ಮಾಡಿದ್ದು ಅನ್ನ, ಸೊಪ್ಪಿನ ಸಾರು. ಅದರತ್ತ ಒಮ್ಮೆ ನೋಡಿ, ಸೊಸೆಯ ಕಡೆ ತಿರುಗಿ ಪ್ರೀತಿಯಿಂದಲೇ ಅಂದಳು:

"ರೊಟ್ಟಿ ಬಡಿಯೂ ತ್ರಾಸ ನಿನಗಿಲ್ಲ ನೋಡು, ನಾ ತಂದೇನಿ. ನೀ ಬರೇ ಒಂದಿಷ್ಟು ಎಣ್ಣಿಗಾಯಿ ಮಾಡಿಬಿಡು."

ಮಾತಾಡಿಸಲು ಬಂದವರು

ಕಾಖಂಡಕಿಯಿಂದ ಬಳಗದವರು ಒಂದು ಟಂಟಂ ಗಾಡಿ ತುಂಬ ಬಂದರು. ಬ್ರೆಡ್ಡು, ಎಳನೀರು, ಮೋಸಂಬಿ ಎಲ್ಲ ತಂದಿದ್ದರು. ಮಂಚದ ಸುತ್ತ ಕೂತು ಧೈರ್ಯ ಹೇಳತೊಡಗಿದರು.

"ಅರಕೇರಿಯಾಗ ಒಬ್ಬಾಕಿ ಹಿಂಗ ಚೀಲ ತಗಸಿದ್ಲು."

"ಈಗ ಹ್ಯಾಂಗದಾಳ?" ಸೊಸೆ ಆಸೆಯಿಂದ ಕೇಳಿದಳು.

"ಹೋದ್ಲು, ಪಾಪ. ಅಂದ್ರ, ನೀ ಹೋಗ್ತಿ ಅಂತಲ್ಲ."

ಚಹಾದ ಮಾತು ಬಂತು. ನಾನು ಎದ್ದೆ. ಎಲ್ಲರೂ ಒಟ್ಟಿಗೆ ತಡೆದರು. "ಬ್ಯಾಡ್ರಿ, ನೀವು ಕಾಫಿ ಕುಡಿಯೂ ಕಡೆಯವರು. ನಿಮ್ಮ ಚಹಾ ನಮಗ ನೀರು ನೀರು ಆಕ್ಕೈತಿ." ಎಲ್ಲರ ಕಣ್ಣೂ ಮಂಚದ ಕಡೆ ಹೋಯಿತು. ಸೊಸೆ ದಿಂಬು ಬದಿಗಿಟ್ಟು, ಗೋಡೆ ಹಿಡಿದು ಎದ್ದಳು. ಒಮ್ಮೆ ಚಹಾ ಆಯಿತು, ಟಂಟಂ ಬರುವುದು ತಡವಾದ್ದರಿಂದ ಇನ್ನೊಮ್ಮೆಯೂ ಆಯಿತು.

ಹೋಗುವಾಗ ಬಾಗಿಲಲ್ಲಿ ಒಬ್ಬಾಕೆ ನನ್ನ ಕೈ ಹಿಡಿದು ಹೇಳಿದಳು: "ಚಿಂತಿ ಮಾಡಬ್ಯಾಡ್ರಿ. ಚಹಾ ಮಾಡಿ ಕೊಡಾಕತ್ತಾಳಂದ್ರ ಆರಾಮ ಆದಂಗ."

ಹೊಲಿಗೆ ಎಷ್ಟು?

ಮರುದಿನ ಸೊಸೆಗೆ ಮತ್ತೆ ರಕ್ತ ಕಾಣಿಸಿತು. ಮಗ ಗಾಬರಿಯಾಗಿ ಆಟೋ ತಂದ. ಡಾಕ್ಟರಮ್ಮ ಪರೀಕ್ಷೆ ಮಾಡಿ, ನನ್ನಿಂದ ಕೊಡದ ಕಥೆ ಕೇಳಿ, ಒಳಗಿನ ಹೊಲಿಗೆ ಜಗ್ಗಿದೆ, ಬಿಚ್ಚಿಲ್ಲ, ಆರು ವಾರ ಇವತ್ತಿನಿಂದ ಹೊಸದಾಗಿ ಎಣಿಸಿ ಎಂದರು. ಸೋಮವಾರ ಮತ್ತೆ ಬರಬೇಕು, ಅಷ್ಟರೊಳಗೆ ರಕ್ತ ನಿಲ್ಲದಿದ್ದರೆ ಮತ್ತೆ ಟೇಬಲ್ಲೇ ಗತಿ. ಆಮೇಲೆ ಮಗನ ಕಡೆ ತಿರುಗಿದರು. "ಸರ, ಆಕಿಗೆ ಸಮಾಧಾನ ಹೇಳೂದು ಬ್ಯಾಡ. ನೀವು ಕೊಡ ಎತ್ರಿ, ಸಾಕು."

ಆ ಮಾತು ಅವನಿಗೆ ನಾಟಿತು. ಮನೆಗೆ ಬಂದವನೇ ಬಬಲೇಶ್ವರದ ಸೋದರತ್ತೆಯನ್ನು ಬಸ್ಸು ಹತ್ತಿಸಿದ. ನಳ ಬಂದ ದಿನ ವಿದ್ಯಾರ್ಥಿಗಳು ನೋಡುತ್ತಿರುವಾಗಲೇ, ಕಂಠದವರೆಗೂ ತುಂಬಿದ ಕೊಡವನ್ನು ಒಂದೇ ಏಟಿಗೆ ಹೆಗಲಿಗೇರಿಸಿದ. ಏರಿಸಿದವನು ಹಾಗೇ ನಿಂತುಬಿಟ್ಟ. ಸೊಂಟ ಹಿಡಿದಿತ್ತು. ವಿದ್ಯಾರ್ಥಿಗಳೇ ಎತ್ತಿ ತಂದು ಮಂಚದ ಮೇಲೆ ಮಲಗಿಸಿದರು. ಮನೆಯಲ್ಲಿ ಇರುವುದು ಒಂದೇ ಮಂಚ. ಸೊಸೆಗೆ ಕುರ್ಚಿ ಉಳಿಯಿತು. ನರ್ಸ್ ಕೊಟ್ಟ ದಿಂಬು ಅವನ ಸೊಂಟದ ಕೆಳಗೆ ಹೋಯಿತು.

ಅದೇ ಹೊತ್ತಿಗೆ ಕನಮಡಿಯಿಂದ ನನ್ನ ಮೈದುನ ಬಂದ. ಎಂಬತ್ತು ದಾಟಿದವನು, ಕಣ್ಣು ಮಂಜು. ಮಾಸ್ತರನ ಮನೆಯಲ್ಲಿ ಆಪರೇಷನ್ ಎಂದಷ್ಟೇ ಅವನಿಗೆ ಗೊತ್ತು. ಹೆಂಗಸರ ಆಪರೇಷನ್ ಎಂದು ಬಾಯಿಬಿಟ್ಟು ಹೇಳಲು ಬಳಗದಲ್ಲಿ ಎಲ್ಲರಿಗೂ ನಾಚಿಕೆ. ನೇರ ಮಂಚದ ಹತ್ತಿರ ಹೋಗಿ, ನರಳುತ್ತಿದ್ದ ನನ್ನ ಮಗನ ತಲೆ ಸವರಿ, ಎಳನೀರು ಅವನ ಕೈಗೇ ಕೊಟ್ಟ.

"ಹೊಲಿಗಿ ಎಷ್ಟು ಬಿದ್ದಾವೋ ತಮ್ಮಾ?"

ಸೊಸೆ ಚಹಾಕ್ಕಿಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನನ್ನ ಚಹಾ ಮೈದುನನಿಗೂ ಆಗುವುದಿಲ್ಲ. ನಗು ಒತ್ತರಿಸಿ ಬಂತು ಅವಳಿಗೆ, ದಿಂಬು ಇಲ್ಲ. ಎರಡೂ ಕೈಯಿಂದ ಹೊಟ್ಟೆ ಅವಚಿಕೊಂಡು, "ಅತ್ತಿ, ಅವರಿಗೆ ಸುಮ್ಮನಿರಾಕ ಹೇಳ್ರಿ, ಜಗ್ಗತೈತಿ," ಎಂದು ಕಣ್ಣೀರು ಒರೆಸಿಕೊಂಡಳು. ಸೋಮವಾರ ಇನ್ನೂ ಬಂದಿರಲಿಲ್ಲ.

ಮೈದುನ ಚಹಾ ಕುಡಿದು, ಹೊರಡುವಾಗ ಮಗನ ಕೈ ಹಿಡಿದ. "ಆರು ವಾರ ಏನೂ ಎತ್ತಬ್ಯಾಡೋ ತಮ್ಮಾ. ಬಗ್ಗಬ್ಯಾಡ. ನೆಲದ ಮ್ಯಾಲ ಕುಂಡ್ರಬ್ಯಾಡ."

"ಹೂಂ ಕಾಕಾ," ಅಂದ ಮಗ, ಡಾಕ್ಟರಮ್ಮನಿಗೆ ತಲೆಯಾಡಿಸಿದ ಹಾಗೆಯೇ.

ಈ ಸಲ ಮಾತ್ರ ಅಕ್ಷರಶಃ ಪಾಲಿಸುತ್ತಿದ್ದಾನೆ.